ಕಲ್ಲಿಗೆ ಬಡಿದು ಹಾರಿದ ಚೆಂಡು

ಸಿದ್ದೇಶ್ವರ ಸರ್ ಅವರಿಗೆ,

ನಿಮ್ಮ ನಿವೃತ್ತಿಯ ಸ್ಮರಣ ಸಂಚಿಕೆಗೆ ಒಂದು ಪುಟ ಬರೆದುಕೊಡು ಎಂದು ಫೋನ್ ಮಾಡಿದಿರಿ. "ನೀ ಕನ್ನಡ ಎಂ.ಎ. ಮಾಡಿದಾಕಿ, ನನ್ನ ಬಗ್ಗಿ ನಾಕ್ ಚಲೋ ಮಾತ್ ಬರಿ," ಎಂದು ನಕ್ಕಿರಿ. ನಾನು ಎಂದಿನಂತೆ "ಹೂಂರಿ ಸರ್" ಎಂದೆ. ನಾಲ್ಕು ದಿನ ಪೆನ್ನು ಹಿಡಿದು ಕೂತೆ. ಒಳ್ಳೆಯ ಮಾತು ಒಂದೂ ಬರಲಿಲ್ಲ. ಬಂದದ್ದು ಇದು.

ಅಕ್ಕಲಕೋಟೆಯ ನಮ್ಮ ಶಾಲೆಯಲ್ಲಿ ನೀವು ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿದಾಗ ನಾನು ಒಂಬತ್ತನೆಯ ತರಗತಿ. ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ನನ್ನ ಕೈಗೆ ಸ್ಕೋರ್ ಹಾಳೆ ಕೊಟ್ಟು ಬೇವಿನ ಗಿಡದ ಕೆಳಗೆ ಕೂರಿಸಿದಿರಿ. ನನಗೆ ಅಷ್ಟೇ ಬೇಕಿತ್ತು. ಯಾರೊಂದಿಗೂ ಮಾತಾಡಬೇಕಿಲ್ಲ, ನೋಡಬೇಕು, ಬರೆಯಬೇಕು.

ಆ ಚಟ ಇನ್ನೂ ಬಿಟ್ಟಿಲ್ಲ. ಕೆಲಸ ಹುಡುಕುತ್ತ ಸೋಲಾಪುರದಲ್ಲಿ ಅತ್ತೆ ಗಿರಿಜಾಬಾಯಿಯ ಮನೆಯಲ್ಲಿದ್ದೇನೆ. ಮಧ್ಯಾಹ್ನ ಫೋನಿನಲ್ಲಿ ಅಮೆರಿಕದ ಹಳೆಯ ಬೇಸ್‌ಬಾಲ್ ಪಂದ್ಯಗಳನ್ನು ಹಾಕಿಕೊಳ್ಳುತ್ತೇನೆ. ನಾನು ಹುಟ್ಟುವ ಮೊದಲು ಟೀವಿಯಲ್ಲಿ ಬಂದವು; ಯಾರೋ ಪುಣ್ಯಾತ್ಮರು ತಮ್ಮ ಕ್ಯಾಸೆಟ್ಟುಗಳಿಂದ ತೆಗೆದು ಯೂಟ್ಯೂಬಿಗೆ ಹಾಕಿದ್ದಾರೆ. ಚಿತ್ರ ನಡುಗುತ್ತದೆ, ಹುಲ್ಲು ನೀಲಿಯಾಗಿ ಕಾಣುತ್ತದೆ. ಕಾಮೆಂಟರಿ ಹೇಳುವ ಮುದುಕರಿಗೆ ಯಾವ ಅವಸರವೂ ಇಲ್ಲ. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸ್ಕೋರ್ ಬರೆಯುತ್ತೇನೆ. "ಸತ್ತವರ ಆಟಕ್ಕ ಹಾಜರಿ ಹಾಕಾಕತ್ತಿಯೇನವಾ?" ಎಂದು ಅತ್ತೆ ಕಾಡುತ್ತಾಳೆ.

ಹೋದ ತಿಂಗಳು ಒಂದು ಪಂದ್ಯದಲ್ಲಿ ಚೆಂಡು ನೆಲದ ಮೇಲೆ ಉರುಳುತ್ತ ಮೂರನೆಯ ಬೇಸ್ ಕಾಯುವವನ ಕಡೆ ಬಂತು. ಸುಲಭದ ಚೆಂಡು. ಅವನು ಬಗ್ಗಿದ. ಅದು ಒಂದು ಸಣ್ಣ ಕಲ್ಲಿಗೆ ಬಡಿದು ಅವನ ಭುಜದ ಮೇಲಿಂದ ಹಾರಿಹೋಯಿತು. ನಾನು ಅಭ್ಯಾಸಬಲದಿಂದ ‘ಎರರ್’ ಎಂದು ಬರೆದೆ. ಅಂದರೆ ತಪ್ಪು ಆಟಗಾರನದು. ಅಷ್ಟರಲ್ಲಿ ಕಾಮೆಂಟರಿಯ ಮುದುಕ ಹೇಳಿದ: ಸ್ಕೋರರ್ ಇದನ್ನು ಎರರ್ ಎಂದು ಬರೆದಿಲ್ಲ, ಚೆಂಡು ಕಲ್ಲಿಗೆ ಬಡಿದು ಎಗರಿದರೆ ಹಿಡಿಯುವವನು ಏನು ಮಾಡಿಯಾನು? ನಾನು ನಿಯಮಗಳ ಪುಸ್ತಕ ಹುಡುಕಿ ಓದಿದೆ. ಹಾಗೇ ಇದೆ.

ನಿಮಗೆ ಅದು ಗೊತ್ತಿತ್ತು, ಸರ್.

ಜಿಲ್ಲಾ ತಂಡದ ಆಯ್ಕೆಗೆ ಮುಂಚಿನ ಆ ಪಂದ್ಯ ನಿಮಗೆ ನೆನಪಿರಲಿಕ್ಕಿಲ್ಲ. ಮೂರನೆಯ ಬೇಸಿನಲ್ಲಿ ನಮ್ಮ ತರಗತಿಯ ಕಾಂಚನ. ನಮ್ಮ ಮೈದಾನದಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. ಚೆಂಡು ಎಗರಿ ಅವಳ ಬಾಯಿಗೆ ಬಡಿಯಿತು. ರಕ್ತ ಉಗುಳಿ, ನನ್ನತ್ತ ನೋಡಿ, "ಕಲ್ಲಿಗೂ ನನ್ನ ಮ್ಯಾಲ ಮನಸಾಗ್ಯದ ನೋಡ ಶೀತಲ," ಎಂದು ನಕ್ಕಳು. ನಾನು ಸ್ಕೋರ್ ಹಾಳೆಯಲ್ಲಿ ಆ ಚೆಂಡಿನ ಮನೆಯನ್ನು ಖಾಲಿ ಬಿಟ್ಟಿದ್ದೆ. ನೀವು ಗಿಡದ ಕೆಳಗೆ ಬಂದು ಹಾಳೆಯ ಮೇಲೆ ಬೆರಳಿಟ್ಟಿರಿ.

"ಯಾಕ ಖಾಲಿ ಬಿಟ್ಟಿ? ಎರರ್ ಹಾಕು."

"ಕಲ್ಲಿಗಿ ಬಡದು ಬಂತಲ್ರಿ ಸರ್..."

"ಹಾಕು ಅಂದ್ರ ಹಾಕು. ಆಟ ನಿನಗೇನ್ ತಿಳೀತದ?"

ಹಾಕಿದೆ. ಅದೇ ಪಂದ್ಯದಲ್ಲಿ ನೀವು ಹೇಳಿದಂತೆ ಅವಳ ಹೆಸರಿಗೆ ಇನ್ನೆರಡು ಹಾಕಿದೆ. ಸೋಲಾಪುರದ ಆಯ್ಕೆ ಸಮಿತಿ ಆಟ ನೋಡಿರಲಿಲ್ಲ, ನನ್ನ ದುಂಡಗಿನ ಅಕ್ಷರ ನೋಡಿತು. ಕಾಂಚನಳ ಜಾಗ ನಮ್ಮ ಶಾಲೆಯ ಸಂಸ್ಥೆಯ ಚೇರ್ಮನ್ನರ ತಮ್ಮನ ಮಗಳಿಗೆ ಹೋಯಿತು. ಆ ಹುಡುಗಿ ವರ್ಷದ ಅರ್ಧದಷ್ಟು ದಿನ ಮೈದಾನಕ್ಕೇ ಬಂದಿರಲಿಲ್ಲ. ಕಾಂಚನಳಿಗೆ ನೀವು ಹೇಳಿದ್ದು ನನಗೆ ಕೇಳಿಸಿತ್ತು: "ನಿಮ್ಮಂಥವ್ರಿಗಿ ಇಷ್ಟ ಸಿಕ್ಕಿದ್ದೇ ಭಾಳ ಆತು." ನಿಮ್ಮಂಥವರು ಅಂದರೆ ಯಾರು, ಸರ್? ಅವಳ ಓಣಿಯವರೇ? ಅವಳ ಮನೆಯವರಂತೆ ಗೋಡೆಯ ಮೇಲೆ ಬುದ್ಧನ ಚಿತ್ರ ಹಾಕಿಕೊಂಡವರೇ? ಅದನ್ನೂ ನೀವೇ ಬಿಡಿಸಿ ಹೇಳಿ.

ಅವಳು ರಾಜ್ಯ ಮಟ್ಟದಲ್ಲಿ ಆಡಿ, ಆ ಸರ್ಟಿಫಿಕೇಟಿನ ಮೇಲೆ ಪೊಲೀಸ್ ನೇಮಕಾತಿಗೆ ಹೋಗುವವಳಿದ್ದಳು. ಈಗ ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಟವೆಲ್ ಮಡಚಿ ಪ್ಯಾಕ್ ಮಾಡುತ್ತಾಳೆ. ಆ ಕೆಲಸ ಕೀಳಲ್ಲ. ಆದರೆ ಅದನ್ನು ಅವಳು ಆರಿಸಿಕೊಳ್ಳಲಿಲ್ಲ. ನಾವಿಬ್ಬರೂ ಸೇರಿ ಆರಿಸಿಕೊಟ್ಟೆವು.

ಮೊನ್ನೆ ಅವಳ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ಚಹಾದ ಗಾಡಿಯ ಪಕ್ಕದಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಚಹಾ ಕುಡಿಯಲಿಲ್ಲ.

"ಎಂಟ್ ವರ್ಷ ನನ್ನ ಕೈನಽ ಸುಮಾರ್ ಅದ ಅಂತ ತಿಳಕೊಂಡಿದ್ದೆ," ಎಂದಳು. "ಮನ್ಯಾಗ ಗ್ಲಾಸ್ ಬಿದ್ರೂ, ಬಿಡು, ನನ್ನ ಕೈಯಾಗ ಏನೂ ನಿಲ್ಲಂಗಿಲ್ಲ ಅಂತಿದ್ದೆ."

ಸರ್ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

"ಅವ್ರು ಹಂಗ ಅಂತ ನನಗ ಆವಾಗಽ ಗೊತ್ತಿತ್ತು. ನೀ ಹಂಗ ಅಂತ ಗೊತ್ತಿರಲಿಲ್ಲ."

ಬಸ್ಸು ಬಂತು. ಹತ್ತುವ ಮುಂಚೆ ಒಂದೇ ಮಾತು: "ಬರದಾಕಿ ನೀನು. ಬರದಽ ತಿದ್ದು."

ಹಾಗಾಗಿ ಬರೆಯುತ್ತಿದ್ದೇನೆ. ಆ ದಿನ ಕಾಂಚನ ಒಂದೂ ತಪ್ಪು ಮಾಡಲಿಲ್ಲ. ಮೂರೂ ಎರರ್‌ಗಳು ಸುಳ್ಳು. ಹೇಳಿದವರು ನೀವು, ಹೆದರಿ ಬರೆದವಳು ನಾನು. ನೀವು ಕೇಳಿದ ಒಂದು ಪುಟ ಇದೇ. ಒಂದಕ್ಷರ ಬಿಡದೆ ಅಚ್ಚು ಹಾಕಿಸಿ. ಹಾಕಿಸದಿದ್ದರೆ, ಭಾನುವಾರ ನಿಮ್ಮ ಸತ್ಕಾರಕ್ಕೆ ಬರುವ ಪ್ರತಿಯೊಬ್ಬರ ಕೈಗೂ ಇದರ ಝೆರಾಕ್ಸ್ ನಾನೇ ಕೊಡುತ್ತೇನೆ. ಮೈಕಿನ ಮುಂದೆ ನಿಲ್ಲಲು ನನಗೆ ಬರುವುದಿಲ್ಲ, ಸರ್. ಬಾಗಿಲಲ್ಲಿ ನಿಲ್ಲಲು ಬರುತ್ತದೆ.

ನಿಮಗೆ ದೀರ್ಘ ಆಯುಷ್ಯವಿರಲಿ. ಇದನ್ನು ಮತ್ತೆ ಮತ್ತೆ ಓದುವಷ್ಟು ಕಣ್ಣು ಚೆನ್ನಾಗಿರಲಿ.

ಕಾಂಚನಳ ಹೆಸರಿಗೆ ಸುಳ್ಳು ಬರೆದವಳು,
ಶೀತಲ