ಎಣ್ಣೆ ಹೆಚ್ಚಾದ ಬಂದೂಕು

ಹೌಕಿವಾರಾ ಮನೆ, ಕೂಹ್ಮೋ
ಭಾನುವಾರ, 26 ನವೆಂಬರ್ 1961

ಪ್ರೀತಿಯ ವಿಹ್ತೋರಿ,

ಹೇಗಿದ್ದೀಯ? ಸಂಜೆ ಜ್ವರ ಇಳಿದಿದೆಯೇ? ಕೆಮ್ಮಿದಾಗ ರಕ್ತ ಬರುವುದು ನಿಂತಿದೆಯೇ? ನಿನ್ನ ಹೋದ ಕಾಗದದಲ್ಲಿ ಆಸ್ಪತ್ರೆಯ ಗಂಜಿಯ ವಿಷಯ ಬರೆದೆ, ಜ್ವರದ ವಿಷಯ ಬರೆಯಲಿಲ್ಲ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಉಣ್ಣೆಯ ಕಾಲುಚೀಲ ಹಾಕಿಕೋ, ಆಸ್ಪತ್ರೆಯ ತೆರೆದ ವರಾಂಡದಲ್ಲಿ ಗಾಳಿಗೆ ಮಲಗಿಸುವಾಗ ಕಂಬಳಿಯ ಅಂಚನ್ನು ಕಾಲಡಿಗೆ ಸಿಕ್ಕಿಸಿಕೋ. ಅತ್ತೆ ಗಟ್ಟಿಯಾಗಿದ್ದಾರೆ. ಹಸುಗಳೂ ಚೆನ್ನಾಗಿವೆ. ನಾನೂ ಚೆನ್ನಾಗಿದ್ದೇನೆ, ಸುಸ್ತು ಮಾತ್ರ. ಅಕ್ಷರ ತಪ್ಪುಗಳಿದ್ದರೆ ನಗಬೇಡ, ಯುದ್ಧ ಬಂದು ನಮ್ಮ ಊರಿನ ಶಾಲೆಯನ್ನು ಮುಚ್ಚಿದ್ದು ನಿನಗೆ ಗೊತ್ತೇ ಇದೆ.

ನಿನ್ನನ್ನು ನೋಡಲು ಬಂದಾಗ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಆಪರೇಷನ್ನು ಆಮೇಲೆ ನೋಡೋಣ ಸೈಮಿ. ಮೊದಲು ಬೇಟೆ ಮುಗೀಲಿ. ಈ ವರ್ಷ ನಮ್ಮ ಜಾಗ ಖಾಲಿ ಬಿದ್ದರೆ ಮತ್ತೆ ಸಿಗಲ್ಲ." ಹಾಳಾದ ಶ್ವಾಸಕೋಶವನ್ನು ತೆಗೆಯಲು ಡಾಕ್ಟರು ಕಾಯಬಾರದು ಎನ್ನುತ್ತಾರೆ, ನೀನು ಕಡವೆಗಾಗಿ ಕಾಯುತ್ತೀಯ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬೇಟೆಯ ಕಾವಲಿಗೆ ಮನೆಯಿಂದ ಯಾರೂ ನಿಲ್ಲದಿದ್ದರೆ ಜಾಗವೂ ಹೋಗುತ್ತದೆ, ಮಾಂಸದ ಪಾಲೂ ಹೋಗುತ್ತದೆ, ಅದು ಹಳೆಯ ಕಟ್ಟಳೆ. ಪಕ್ಕದ ಮನೆಯ ಹೆರ್ಮನ್ನಿ ಆಗಲೇ ತನ್ನ ಅಳಿಯನನ್ನು ಅಲ್ಲಿ ನಿಲ್ಲಿಸಲು ಓಡಾಡುತ್ತಿದ್ದ. ಹಾಗಾಗಿ ನಿನ್ನನ್ನು ಕೇಳದೆ ನಾನೇ ಹೋಗಿ ತಂಡದ ಹಿರಿಯ ಈಸಕ್ಕಿಯ ಮುಂದೆ ನಿಂತೆ. ಹೆರ್ಮನ್ನಿ ಅಲ್ಲೇ ಕೂತಿದ್ದ. "ಮುಂದಿನ ವರ್ಷ ಹಸುವನ್ನೂ ಕಳಿಸ್ತಾರೆ ಬಿಡು," ಎಂದ. ಈಸಕ್ಕಿ ಪೈಪು ಕುಟ್ಟಿಕೊಂಡು ಇಷ್ಟೇ ಹೇಳಿದ: "ಮನೆಯಿಂದ ಒಬ್ಬರು ಅಂತ ಕಟ್ಟಳೆ. ಗಂಡಸೇ ಬರಬೇಕು ಅಂತ ಯಾರೂ ಹೇಳಿಲ್ಲವಲ್ಲ."

ಬಂದೂಕು ಎಲ್ಲಿಂದ ತರಲಿ? ನಿನ್ನ ತಮ್ಮ ತನ್ನದನ್ನು ವಾಪಸು ಒಯ್ದ. ಸೇನೆಯವರು ಉಗ್ರಾಣದ ಹಳೆಯ ಬಂದೂಕುಗಳನ್ನು ಬೇಟೆಯವರಿಗೆ ಕೊಡುತ್ತಿದ್ದಾರೆಂದು ಅಂಗಡಿಯವನು ಹೇಳಿದ. ಪೊಲೀಸರ ಪರವಾನಗಿ ಮಾಡಿಸಿ ಒಂದನ್ನು ತಂದೆ. ನೀವು ಯುದ್ಧದಲ್ಲಿ ಹೊತ್ತ ಜಾತಿಯದೇ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊಳೆಯ ಎರಡು ಪಕ್ಕ ಕಬ್ಬಿಣದ ಕಿವಿ, ಬೇಟೆನಾಯಿ ಕಿವಿ ನಿಗುರಿಸಿ ನೋಡುವ ಹಾಗೆ. ಮೈತುಂಬ ಹಳದಿ ಗ್ರೀಸು, ಎಷ್ಟು ಒರೆಸಿದರೂ ಮುಗಿಯದು. ಅತ್ತೆಯೇ ಉಪಾಯ ಹೇಳಿದರು. ನಾವೆಲ್ಲ ಮಿಂದ ಮೇಲೆ ಸೌನಾದ ಬಿಸಿ ಕೋಣೆಯ ಮೇಲಿನ ಹಲಗೆಯಲ್ಲಿ ಅದನ್ನು ಮಲಗಿಸಿದೆವು. ಕಲ್ಲಿಗೆ ನೀರು ಹಾಕಲಿಲ್ಲ, ಒಣ ಬಿಸಿ ಮಾತ್ರ. ಬೆವರಿತು ನೋಡು! ಮರದ ಒಳಗಿನಿಂದ ಗ್ರೀಸು ತೊಟ್ಟುತೊಟ್ಟಾಗಿ ಇಳಿಯಿತು, ಹೊಟ್ಟೆತುಂಬ ಕುಡಿದು ಸೌನಾಕ್ಕೆ ಬಂದ ಗಂಡಸಿನ ಹಾಗೆ. ಅತ್ತೆ ಬಾಗಿಲಲ್ಲಿ ನಿಂತು, "ನಾವು ಹೊಡ್ಕೊಳ್ಳೋ ಹಾಗೆ ಬರ್ಚಿನ ಸೊಪ್ಪಿನಲ್ಲಿ ಎರಡೇಟು ಕೊಡೇ, ಪೂರ್ತಿ ಇಳೀಲಿ," ಎಂದು ನಕ್ಕರು. ನೀನು ಹೋದ ಮೇಲೆ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ಜಲ್ಲಿಗುಂಡಿಗೆ ಹೋಗಿ ಹಲಗೆಗೆ ಹೊಡೆದು ಕಲಿತೆ. ಭುಜ ಕಪ್ಪಾಯಿತು. ಹೊಡೆದಾಗಲೆಲ್ಲ ತೋಟಾ ತುಂಬುವ ಬೋಲ್ಟು ಕಚ್ಚಿಕೊಳ್ಳುತ್ತಿತ್ತು, ಸೌದೆ ತುಂಡಿನಿಂದ ಕುಟ್ಟಿ ತೆಗೆಯಬೇಕಾಯಿತು. ತೋಟಾ ಕೂರುವ ಗೂಡಿನಲ್ಲಿ ಗ್ರೀಸು ಅರಗಿನ ಹಾಗೆ ಗಟ್ಟಿಯಾಗಿದೆ ಎಂದು ತಿಳಿದದ್ದು ಆಮೇಲೆ. ಕೋಲಿಗೆ ಬಟ್ಟೆ ಸುತ್ತಿ ತಿಕ್ಕಿತಿಕ್ಕಿ ತೆಗೆದೆ. ಸೇನೆಯ ಹಳೆಯ ತೋಟಾ ಒಳಗೆ ಉಪ್ಪು ಬಿಡುತ್ತದಂತೆ, ಅದು ಕಬ್ಬಿಣವನ್ನು ತಿನ್ನುತ್ತದೆ, ಎಣ್ಣೆಗೆ ಹೋಗದು, ಕುದಿಯುವ ನೀರೇ ಬೇಕು. ಕಾಫಿ ಕೆಟಲಿನಿಂದ ನಳಿಗೆಗೆ ನೀರು ಹೊಯ್ದೆ. "ಇನ್ನು ಕಾಫೀಲಿ ಮದ್ದಿನ ವಾಸನೆ ಬಂದರೆ ನೀನೇ ಕುಡಿ," ಎಂದು ಅತ್ತೆ ಬೈದರು.

ನನ್ನ ಸ್ವಭಾವ ನಿನಗೆ ಗೊತ್ತು. ಒಲೆ ಆರಿದೆಯೋ ಇಲ್ಲವೋ ಎಂದು ಹಾಸಿಗೆಯಿಂದ ಎದ್ದುಬಂದು ನೋಡುವವಳು. ತುಕ್ಕು ಹಿಡಿದೀತೆಂಬ ಹೆದರಿಕೆ ಹೊಕ್ಕಿತು. ನೀರು ಹೊಯ್ದಿದ್ದೇನೆ, ಎಲ್ಲೋ ಒಂದು ಹನಿ ಉಳಿದಿದ್ದರೆ? ಎಣ್ಣೆ ಹಚ್ಚಿದೆ. ಹಾಲು ಕರೆದು ಬಂದು ಮತ್ತೆ ಹಚ್ಚಿದೆ. ಬೋಲ್ಟಿನ ಒಳಗೂ ಸುರಿದೆ, ಮೇಲೆ ಹಂದಿ ಕೊಬ್ಬು ಸವರಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಹಿಂದಿನ ಭಾನುವಾರ ಮೈ ಕೊರೆಯುವ ಚಳಿ, ಮೂಗಿನೊಳಗೆ ಕೂದಲು ಹೆಪ್ಪುಗಟ್ಟುವಂಥದ್ದು. ನಿನ್ನ ಜಾಗದಲ್ಲಿ, ಆ ಒಣಗಿದ ಪೈನ್ ಮರದ ಬುಡದಲ್ಲಿ ನಿಂತಿದ್ದೆ. ನಾಯಿ ಬೊಗಳಿತು, ಕಡವೆ ಬಂತು. ಗಂಡು. ಕುದುರೆಗಿಂತ ಎತ್ತರ. ಪಕ್ಕೆ ತೋರಿಸಿಕೊಂಡು ನಿಂತು ವಿಲ್ಲೋ ಗಿಡದ ಕಡ್ಡಿ ಕಚ್ಚುತ್ತಿತ್ತು. ಗುರಿ ಹಿಡಿದು ಬಂದೂಕಿನ ಕುದುರೆ ಎಳೆದೆ. ಗುಂಡು ಹಾರಲಿಲ್ಲ ವಿಹ್ತೋರಿ. ಒಳಗೆ ಏನೋ ಮೆಲ್ಲಗೆ ಜಾರಿತು, ಟಿಕ್ ಎಂದಿತು, ಅಷ್ಟೇ. ಕಡವೆ ನನ್ನನ್ನು ನೋಡಿತು. ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿ ಹೊರಟುಹೋಯಿತು.

ಬೆಂಕಿಯ ಸುತ್ತ ಕೂತಾಗ ಹೆರ್ಮನ್ನಿ ಬಿಡಬೇಕಲ್ಲ. "ಸೈಮಿ ಕಡವೇನ ಕಾಫಿಗೆ ಕರೆದಳಂತೆ, ಅದು ಬರಲ್ಲ ಅಂತಂತೆ!" ಎಲ್ಲರೂ ನಕ್ಕರು. ಈಸಕ್ಕಿ ಬೋಲ್ಟು ಬಿಚ್ಚಿ ಮೂಸಿ ನೋಡಿದ. "ಇದು ಬಂದೂಕಲ್ಲ ಕಣೇ, ಕ್ರಿಸ್‌ಮಸ್ ಹಂದಿ," ಎಂದ. ಆಮೇಲೆ ತಣ್ಣಗೆ ಹೇಳಿದ: "ಚಳೀಲಿ ಎಣ್ಣೆ ಗಟ್ಟಿಯಾಗುತ್ತೆ, ತೋಟಾಗೆ ಬಡಿಯೋ ಒಳಗಿನ ಸೂಜಿ ಓಡಲ್ಲ. ಬೋಲ್ಟು ಒಣಗಿರಬೇಕು. ವಿಹ್ತೋರಿ ಹೆಂಡತಿಗೆ ಇಷ್ಟೂ ಹೇಳಿಲ್ಲವಾ?" ನೀನು ಯುದ್ಧದ ಯಾವ ಮಾತನ್ನೂ ಮನೆಗೆ ತಂದವನಲ್ಲ, ಅದನ್ನು ಅವನಿಗೆ ಹೇಗೆ ಹೇಳಲಿ. "ಇನ್ನೊಂದು ಭಾನುವಾರ ನೋಡೋಣ," ಎಂದು ಹೆರ್ಮನ್ನಿ ಅಳಿಯನ ಕಡೆ ಕಣ್ಣು ಹೊಡೆದ.

ಬೋಲ್ಟಿನ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿದೆ. ಬೆಚ್ಚಗಿನ ಕೋಣೆಗೆ ತಂದರೆ ಬೆವರಿ ಮತ್ತೆ ಹೆಪ್ಪುಗಟ್ಟುತ್ತದೆ ಎಂದು ಹೊರಗಿನ ಸೌದೆ ಕೊಟ್ಟಿಗೆಯಲ್ಲೇ ತೂಗುಹಾಕಿದೆ. ಆ ವಾರ ಪಟ್ಟ ಕಷ್ಟ ಹೇಳಲಾರೆ. ಎಣ್ಣೆಯ ಬಾಟಲಿಗೆ ಕೈ ತಾನಾಗಿ ಹೋಗುತ್ತಿತ್ತು. ಏನೂ ಮಾಡದೆ ಬಿಟ್ಟುಬಿಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕೊನೆಗೆ ಬಾಟಲಿಯನ್ನು ಅತ್ತೆಯ ಕೈಗೇ ಕೊಟ್ಟೆ, ಅವರು ದಿಂಬಿನ ಕೆಳಗೆ ಇಟ್ಟುಕೊಂಡರು.

ಇವತ್ತು ಬೆಳಿಗ್ಗೆ ಹೋದೆವು. ಕಡವೆ ಬಂತು, ಈ ಸಲ ಹೆಣ್ಣು. ಕುದುರೆ ಎಳೆದೆ, ಸದ್ದಾಯಿತು. ಜೌಗಿನ ಅಂಚಿನವರೆಗೆ ಓಡಿ ಬಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಹಿಮದ ಮೇಲೆ ಕೂತುಬಿಟ್ಟೆ, ಅಲ್ಲೇ ಮಲಗಿಬಿಡೋಣ ಎನಿಸಿತು. ಮೊದಲು ಓಡಿ ಬಂದವನು ಹೆರ್ಮನ್ನಿ. ಕಡವೆಯನ್ನು ನೋಡಿದ, ನನ್ನನ್ನು ನೋಡಿದ, ಟೋಪಿ ಹಿಂದಕ್ಕೆ ತಳ್ಳಿಕೊಂಡ. "ಸರಿ ಬಿಡು. ನನ್ನ ಅಳಿಯನಿಗೆ ಬೇರೆ ಕಾಡು ನೋಡ್ತೀನಿ," ಎಂದು ಚಾಕು ತೆಗೆದು ನನ್ನ ಜೊತೆ ತೊಗಲು ಬಿಡಿಸಲು ಕೂತ. ನಳಿಗೆಗೆ ಬಿಸಿನೀರು ಹೊಯ್ದು ಒಣಗಿಸಿಯೇ ಈ ಕಾಗದಕ್ಕೆ ಕೂತಿದ್ದೇನೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಬೆಳಿಗ್ಗೆ ಚರ್ಚಿನ ಪ್ರಾರ್ಥನೆಯನ್ನು ರೇಡಿಯೋದಲ್ಲಿ ಕೇಳುವಾಗ ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡರಂತೆ. ನಿನ್ನ ಪಕ್ಕದ ಹಾಸಿಗೆಯವರಿಗೆ ನಮಸ್ಕಾರ ತಿಳಿಸು. ದೇವರು ನಿನ್ನ ತಲೆಯ ಬಳಿ ಇರಲಿ.

ನಿನ್ನ
ಸೈಮಿ

ಮತ್ತೊಂದು ಮಾತು: ಹೆರ್ಮನ್ನಿ ಪೇಟೆಗೆ ಹೊರಟಿದ್ದಾನೆ, ಕಾಗದ ಕೊಡು ಎಂದು ಅಂಗಳದಿಂದ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಜಾಗ ನಮ್ಮದೇ ಉಳಿಯಿತು, ಈಸಕ್ಕಿ ಎಲ್ಲರ ಮುಂದೆ ಹೇಳಿದ. ಬೇಟೆ ಮುಗಿಯಲಿ ಎಂದಿದ್ದೆಯಲ್ಲ, ಮುಗಿಯಿತು. ಇನ್ನು ಏನೂ ನೆಪ ಹೇಳಬೇಡ. ಈ ಕಾಗದ ಕೈಸೇರಿದ ದಿನವೇ, ಡಾಕ್ಟರು ಹಾಸಿಗೆಯ ಹತ್ತಿರ ಬಂದಾಗ ಹೂಂ ಎಂದುಬಿಡು. ನನಗೂ ಭಯವಾಗುತ್ತಿದೆ, ಆದರೂ ಹೂಂ ಅನ್ನು. ಅರ್ಧ ಉಸಿರಿನಲ್ಲಾದರೂ ಬಾ. ಮುಂದಿನ ವರ್ಷ ಬಂದೂಕು ನಾನು ಹೊರುತ್ತೇನೆ, ನೀನು ಬರಿಗೈಯಲ್ಲಿ ನಡೆದು ಬಂದರೆ ಸಾಕು.