ನಮ್ಮ ಬೈಗುಳದ ಉಳಿದರ್ಧ ಎಲ್ಲಿ?

ಊರಿನ ಸಂಸ್ಕೃತಿ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ಮಾತು ಕೊಟ್ಟದ್ದು: ನಮ್ಮ ಸ್ಫಾಕ್ಸ್ ಊರಿನ ಹಳೆಯ ಎಣ್ಣೆಗಾಣದ ಮನೆಯಲ್ಲಿ ನಡೆಯುವ ನಮ್ಮ ಸಣ್ಣ ನಾಟಕೋತ್ಸವದಲ್ಲಿ ಪ್ರತಿ ತಂಡಕ್ಕೂ ಎರಡು ಸಂಜೆ. ಆಟ ಮುಗಿದ ಮೇಲೆ ಪ್ರೇಕ್ಷಕರ ಮುಕ್ತ ಚರ್ಚೆ. ಯಾವ ನಾಟಕದ ಮೇಲೂ ಕಚೇರಿ ಕೈಯಿಡುವುದಿಲ್ಲವೆಂಬ ಭರವಸೆ. ನೀವು ಕಿತ್ತುಕೊಂಡದ್ದು: ನಿರ್ದೇಶಕಿ ದೊರ್ರಾಳ ತಂಡದ ಎರಡನೆಯ ಸಂಜೆ. ಆ ಸಂಜೆ ಬಾಗಿಲಿಗೆ ಬೀಗ, ಬಾಗಿಲ ಮೇಲೊಂದು ಚೀಟಿ: “ಪ್ರೇಕ್ಷಕರ ತೀವ್ರ ಅಸಮಾಧಾನದ ಕಾರಣ ಪ್ರದರ್ಶನ ರದ್ದು. ಹಿರಿಯ ಪ್ರೇಕ್ಷಕರೊಬ್ಬರ ಮಾತಿನಲ್ಲೇ ಹೇಳುವುದಾದರೆ, ಈ ನಾಟಕ ನೋಡಲಾಗುವುದಿಲ್ಲ.”

ಸ್ವಾಮಿ, ಆ ಹಿರಿಯ ಪ್ರೇಕ್ಷಕ ನಾನು. ಆ ಮಾತು ನನ್ನದೇ. ಅದರ ಅರ್ಧವನ್ನು ಮಾತ್ರ ನೀವು ಬಾಗಿಲಿಗೆ ಅಂಟಿಸಿದ್ದೀರಿ.

ನಮ್ಮ ಗಾಣದ ಮನೆಯ ರೀತಿ ಈ ಊರಿನ ನಾಟಕದವರಿಗೆಲ್ಲ ಗೊತ್ತು. ನಾಟಕ ಕೆಟ್ಟದಾಗಿದ್ದರೆ ಜನ ಸಭ್ಯವಾಗಿ ಚಪ್ಪಾಳೆ ತಟ್ಟಿ, ದೇವರು ಒಳ್ಳೆಯದು ಮಾಡಲಿ ಎಂದು ಹಾರೈಸಿ ಮನೆಗೆ ಹೋಗುತ್ತಾರೆ. ಎದೆಗೆ ತಾಗಿದರೆ ಮಾತ್ರ ಕೂತು ಬೈಯುತ್ತಾರೆ. ಮೊದಲ ಸಂಜೆ ಬೈಸಿಕೊಂಡ ತಂಡ ಮರುದಿನವೆಲ್ಲ ತಿದ್ದಿ ಎರಡನೆಯ ಸಂಜೆ ಮತ್ತೆ ಆಡುತ್ತದೆ. ಗಾಬೆಸ್, ಕೈರುವಾನ್ ಊರುಗಳಿಂದ ನಾಟಕ ಆರಿಸಿಕೊಳ್ಳಲು ಬರುವವರು ಬರುವುದೂ ಆ ಎರಡನೆಯ ಸಂಜೆಗೇ. ಅದು ತಪ್ಪಿದ ತಂಡಕ್ಕೆ ಮುಂದಿನ ಊರಿಲ್ಲ, ಮುಂದಿನ ವರ್ಷವೂ ಅನುಮಾನ. ಹೊಸದಾಗಿ ಬಂದ ನಿಮಗೆ ಇದು ತಿಳಿಯದೆ ಬೈಗುಳವನ್ನು ದೂರೆಂದುಕೊಂಡಿರಾ? ಹಾಗೆಂದು ನಂಬಲು ನನಗೂ ಆಸೆ. ಆದರೆ ಉತ್ಸವದ ಮೊದಲ ದಿನದ ಆಟ ನೆನಪಾಗುತ್ತದೆ. ಒಬ್ಬ ಗಂಡಸು ಮರಳಿನಲ್ಲಿ ಹೊರಳಾಡುತ್ತ ಆಗಾಗ “ನಾನು ಯಾರು?” ಎಂದು ಕೇಳುತ್ತಿದ್ದ. ನಮಗೂ ಗೊತ್ತಾಗಲಿಲ್ಲ. ನನ್ನ ಪಕ್ಕದವರು ಗೊರಕೆ ಹೊಡೆದರು, ಎಚ್ಚರವಾದಾಗ ಭಕ್ತಿಯಿಂದ ಚಪ್ಪಾಳೆ ತಟ್ಟಿದರು. ಅವನ ಕೊರಳಿಗೆ ನೀವೇ ಹಾರ ಹಾಕಿದಿರಿ. ಅಲ್ಲಿ ಪ್ರೇಕ್ಷಕರ ಅಭಿಪ್ರಾಯ ನಿಮಗೆ ಬೇಕಾಗಲಿಲ್ಲ.

ದೊರ್ರಾಳ ನಾಟಕದಲ್ಲಿ ಏನಿತ್ತು? ನೀರು ಬಾರದ ಕೇರಿಗೆ ಸಾಹೇಬರೊಬ್ಬರು ನಲ್ಲಿ ಉದ್ಘಾಟಿಸಲು ಬರುತ್ತಾರೆ. ರಿಬ್ಬನ್ ಕತ್ತರಿಸಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ನಲ್ಲಿ ಬುಸುಗುಟ್ಟಿದಷ್ಟೂ ಸಾಹೇಬರ ಭಾಷಣ ಜೋರಾಗುತ್ತದೆ. ಗಾಣದ ಮನೆಯ ಕಲ್ಲುಗೋಡೆಯೂ ನಕ್ಕಿತು ಅನ್ನಿಸಿತು ನನಗೆ. ಆಗಲೇ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ನಿಮ್ಮದು.

ನೀರು ಸಿಗದ ತಾಯಿಯೊಬ್ಬಳ ಅಳುವಿನಲ್ಲಿ ಆಟ ಮುಗಿಯಿತು. ನೀವು ಕೇಳದ ಚರ್ಚೆ ಹೀಗಿತ್ತು. ನಾನು ಎದ್ದು ನಿಂತೆ:

“ಏನಮ್ಮಾ ದೊರ್ರಾ, ಕೊನೇಲಿ ಆ ತಾಯಿ ಅಷ್ಟೊತ್ತು ಅಳೋದ್ಯಾಕೆ? ಹಿಂಗೇ ಇದ್ರೆ ಈ ನಾಟಕ ನೋಡಕ್ಕಾಗಲ್ಲ. ಆ ಅಳು ಕತ್ತರ್ಸು, ನಾಳೆ ಮತ್ತೆ ಆಡು. ನನ್ನ ತಂಗೀನೂ ಕರ್ಕೊಂಡು ಬರ್ತೀನಿ.”

“ಅಳು ತೆಗೆದ್ರೆ ಅವಳೇನು ಮಾಡ್ಬೇಕು ಮೇಷ್ಟ್ರೇ?”

“ಖಾಲಿ ಬಿಂದಿಗೆ ಹಿಡ್ಕೊಂಡು ನಮ್ಮನ್ನೇ ನೋಡ್ತಾ ನಿಲ್ಲಲಿ. ಅಳೋ ಕೆಲಸ ನಮಗೆ ಬಿಡು.”

ನಮ್ಮ ಬೀದಿಯ ದರ್ಜಿ ಬೆಹಿಜಾ ಹಿಂದಿನಿಂದ ಕೂಗಿದಳು: “ಮೇಷ್ಟ್ರ ಮಾತು ಬಿಡು ಮಗಳೇ, ಅವ್ರು ಮದುವೆ ಊಟದಲ್ಲೂ ಕಲ್ಲು ಹುಡುಕ್ತಾರೆ. ಆದ್ರೆ ಆ ಸಾಹೇಬನ ಕೋಟು ಏನೇ ಅದು, ಕತ್ತೆ ಮಲಗೆದ್ದ ಹಂಗೆ? ಬೆಳಿಗ್ಗೆ ಅಂಗಡಿಗೆ ತಾ, ಇಸ್ತ್ರಿ ಹಾಕ್ಕೊಡ್ತೀನಿ.”

ಇದೇ ಸ್ವಾಮಿ, ನೀವು ಹೇಳುವ ತೀವ್ರ ಅಸಮಾಧಾನ. ದೊರ್ರಾ ನಗುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. ನೀವು ಎದ್ದು ಹೋಗಿದ್ದಿರಿ. ಹಾಗಾದರೆ ನನ್ನ ಮಾತನ್ನು ನಿಮಗೆ ತಲುಪಿಸಿದವರು ಯಾರು? ಕಂಬಕ್ಕೊರಗಿ ಫೋನು ಹಿಡಿದು ನಿಂತಿದ್ದ, ನಗದ, ಬೈಯದ ಆ ಮನುಷ್ಯನೇ? ಅವನು ಉಳಿದರ್ಧವನ್ನು ದಾರಿಯಲ್ಲಿ ಬೀಳಿಸಿಕೊಂಡನೇ, ಇಲ್ಲ ಕತ್ತರಿ ಆಡಿದ್ದು ನಿಮ್ಮ ಮೇಜಿನ ಮೇಲೆಯೇ?

ಕೇಳೋಣವೆಂದು ಕಚೇರಿಗೆ ಬಂದೆ. ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬೈದವ್ರೂ ನೀವೇ, ಜಗಳಕ್ಕೆ ಬಂದವ್ರೂ ನೀವೇನಾ?”

“ಬೈದಿದ್ದು ಅವ್ರು ಆಡ್ಲಿ ಅಂತ ಕಣಯ್ಯಾ.”

“ಸಾಹೇಬ್ರು ಊರಲ್ಲಿಲ್ಲ.”

ಹಾಗೆ ಹೇಳುತ್ತಿರುವಾಗಲೇ ಊರಲ್ಲಿಲ್ಲದ ಸಾಹೇಬರ ಕೋಣೆಯೊಳಗೆ ಕಾಫಿ ಹೋಯಿತು. ಖಾಲಿ ಲೋಟ ಹೊರಗೆ ಬರುವವರೆಗೂ ಕೂತಿದ್ದು ಎದ್ದು ಬಂದೆ.

ಈಗ ಬೀದಿಯಲ್ಲಿ ನನ್ನ ಸ್ಥಿತಿ ಏನು ಗೊತ್ತೇ? ಶಿಕ್ಷಕರ ಸಂಘದ ಹೋರಾಟದಲ್ಲಿ ಪೊಲೀಸರ ಲಾಠಿಯೇಟು ತಿಂದವನು ನಾನು. ಇವತ್ತು ಕಾಫಿ ಅಂಗಡಿಯಲ್ಲಿ ಜನ ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. “ಬಾಗಿಲು ಹಾಕ್ಸಿದ್ದು ನೀವಂತೆ?” ಎಂದು ಬೆಹಿಜಾ ಮುಖಕ್ಕೇ ಕೇಳಿದಳು. ದೊರ್ರಾ ನನ್ನ ಸಲಾಮಿಗೆ ಮುಖ ತಿರುಗಿಸಿ ಬೀದಿ ದಾಟಿದಳು. ಅವಳ ನಾಟಕದಲ್ಲಿ ತಾಯಿಯ ಪಾತ್ರ ಮಾಡಿದ ಹೆಂಗಸು ಬಟ್ಟೆ ಕಟ್ಟಿಕೊಂಡು ಸೂಸ್ ಊರಿನ ಅಣ್ಣನ ಮನೆಗೆ ಹೊರಟಿದ್ದಾಳಂತೆ. ಆಡುವ ಊರೇ ಇಲ್ಲದ ಮೇಲೆ ಅವಳು ಯಾರಿಗಾಗಿ ಕಾಯಬೇಕು?

ಇಷ್ಟನ್ನೂ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ನಿನ್ನೆಯ ಸಂಜೆಯನ್ನು ನುಂಗಲಾರೆ. ನಿನ್ನೆ ಅದೇ ಗಾಣದ ಮನೆಯ ಬೀಗ ತೆಗೆಸಿ ಮತ್ತೊಂದು ತಂಡದ ಆಟ ಆಡಿಸಿದಿರಿ. ಚೆನ್ನಾಗಿತ್ತು, ನಡುವೆ ಸಡಿಲವಿತ್ತು, ತಿದ್ದಿದರೆ ಎದ್ದು ನಿಲ್ಲುವ ನಾಟಕ. ಆಟ ಮುಗಿಸಿ ನಿರ್ದೇಶಕ ಎದುರಿಗೆ ಬಂದು ನಿಂತ. ಯಾರೂ ಬೈಯಲಿಲ್ಲ. “ಏನಾದ್ರೂ ಹೇಳ್ರಪ್ಪಾ,” ಎಂದು ಅಂಗಲಾಚಿದ. ಒಬ್ಬೊಬ್ಬರೇ, ಅದೇ ಫೋನಿನವನು ನಿಂತಿದ್ದ ಕಂಬದ ಕಡೆ ಕಣ್ಣು ಹಾಯಿಸಿದರು. “ತುಂಬಾ ಚೆನ್ನಾಗಿತ್ತು, ದೇವರು ಒಳ್ಳೇದು ಮಾಡ್ಲಿ,” ಎಂದರು. ಕೇಳಿ ಅವನ ಮುಖ ಸತ್ತುಹೋಯಿತು. ನೀವು ಒಂದು ನಾಟಕಕ್ಕೆ ಬೀಗ ಹಾಕಿದಿರಿ ಎಂದುಕೊಂಡಿದ್ದೆ. ಒಂದು ಊರಿನ ಬಾಯಿಗೇ ಹಾಕಿದ್ದೀರಿ, ಅದೂ ನನ್ನ ನಾಲಿಗೆಯನ್ನೇ ಬೀಗ ಮಾಡಿ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಚೀಟಿ ಕೀಳಿ. ದೊರ್ರಾಳಿಗೆ ಅವಳ ಎರಡನೆಯ ಸಂಜೆ ಕೊಡಿ, ಬೇರೆ ಊರಿನವರಿಗೆ ನೀವೇ ಹೇಳಿಕಳಿಸಿ. ಕಂಬದ ಹತ್ತಿರ ನಿಂತವರು ಯಾರ ಕಡೆಯವರೆಂದು ಬಾಯಿಬಿಟ್ಟು ಹೇಳಿ. ಆಮೇಲೆ ನೀವೂ ಬನ್ನಿ, ನಲ್ಲಿಯ ದೃಶ್ಯ ದಾಟಿ ಕೊನೆಯವರೆಗೂ ಕೂರಿ, ಹಿಡಿಸದಿದ್ದರೆ ಎದ್ದು ನಿಂತು ಬೈಯಿರಿ. ಆ ಹಕ್ಕು ನಿಮಗೂ ಇದೆ. ನಿಮ್ಮ ಉತ್ತರಕ್ಕಾಗಿ ನಾವು ಮನೆಯಲ್ಲಿ ಕಾಯುವುದಿಲ್ಲ. ಒಳ್ಳೆಯ ಮಾತಷ್ಟೇ ಹೇಳುವವರು ಬರಬೇಕಾಗಿಲ್ಲ. ಬೈಯುವ ಪ್ರೇಕ್ಷಕರ ಸಭೆ, ನೀವು ಬೀಗ ಜಡಿದಿದ್ದ ಬಾಗಿಲಿನ ಎದುರು, ಈ ಭಾನುವಾರ ಸಂಜೆ ಐದು ಗಂಟೆಗೆ.

ಇಂತಿ, ನಿಮ್ಮ ಚೀಟಿಯಲ್ಲಿ ಅರ್ಧವೇ ಉಳಿದ
ಮೊಂಜಿ ಮೇಷ್ಟ್ರು, ಮೂರನೆಯ ಸಾಲು