ಸೋದರತ್ತೆಯ ಮಾತು

ಯಶೂ,

ಇದನ್ನು ನಿನಗೆ ಕಳಿಸುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಚಾಮರಾಜಪೇಟೆಯ ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಹತ್ತು ಜನ ಓದುಗರು ಸೇರಿ ನನ್ನ ಕಾದಂಬರಿಯ ಬಗ್ಗೆ ಮಾತಾಡಿದರು. ಅದೇ, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಪ್ರೇಮ, ನಗು, ನಡುವೆ ಒಂದು ಕೊಲೆ. ನಾನು ಕಪಾಟಿನ ಪಕ್ಕ ತಲೆ ತಗ್ಗಿಸಿ ಕೂತಿದ್ದೆ.

"ಕೊಂದಿದ್ದು ಡಾಕ್ಟ್ರು ಅಂತ ನಲವತ್ತನೇ ಪುಟದಲ್ಲೇ ಹಿಡಿದ್ಬಿಟ್ಟೆ ಕಣಮ್ಮ," ಅಂದರು ಎದುರುಮನೆಯ ನರಸಮ್ಮನವರು. "ಆದ್ರೂ ಆ ಸೋದರತ್ತೆಗೋಸ್ಕರ ಕೊನೇವರ್ಗೂ ಓದಿದೆ."

"ಪ್ರೇಮ ಸ್ವಲ್ಪ ಸಪ್ಪೆ," ಅಂದರು ಮನೋಹರ್ ಮೇಷ್ಟ್ರು. "ಆದ್ರೆ ಡ್ಯೂಕ್ ಸಾಹೇಬ್ರು ಸತ್ತು ಬಿದ್ದಾಗ ಅತ್ತೆ ಹೇಳ್ತಾಳಲ್ಲ, 'ಹೆಣ ಎಲ್ಲೂ ಓಡಿಹೋಗಲ್ಲ, ಟೀ ಆರಿಹೋಗುತ್ತೆ' ಅಂತ! ಹೇಗೆ ಹೊಳೀತಮ್ಮ ನಿನಗೆ?"

ಎಲ್ಲರೂ ನಕ್ಕರು. ಆ ಕೋಣೆ ಮೆಲ್ಲಗೆ ಕರಗಿ ನನಗೆ ನಮ್ಮ ತಾರಸಿ ಕಂಡಿತು. ನಾವಿಬ್ಬರೂ ಅಗರಬತ್ತಿ ಹೊಸೆಯುತ್ತಿದ್ದೇವೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ನೀನು, ಕೈ ನಿಲ್ಲಿಸದೆ, ಆ ಅತ್ತೆಯ ದನಿಯಲ್ಲಿ ಕತೆ ಕಟ್ಟಿ ಹೇಳುತ್ತಿದ್ದೀಯ. ಗಂಧದ ಪುಡಿಯ ಮಬ್ಬಿನಲ್ಲಿ ಬಿಳಿ ಕುದುರೆಯ ಸಾರೋಟೊಂದು ನೀರಿನ ತೊಟ್ಟಿಯ ಪಕ್ಕ ಬಂದು ನಿಲ್ಲುತ್ತದೆ.

"ಹಾಗೇ ಹೊಳೀತು ಸಾರ್," ಅಂದೆ.

ಪುಸ್ತಕದಲ್ಲಿ ನನ್ನ ಹೆಸರೊಂದೇ ಇದೆ. ಅದು ಬಂದ ಮೇಲೆ ನೀನು ನಮ್ಮ ಬೀದಿಗೆ ಬಂದಿಲ್ಲ.

ಡಾಕ್ಟರನ್ನು ನಲವತ್ತನೇ ಪುಟದಲ್ಲೇ ಹಿಡಿದವರು, ಯಶೂ, ನನ್ನನ್ನು ಕೊನೆಯ ಪುಟದವರೆಗೂ ಹಿಡಿಯಲಿಲ್ಲ.